ಅರ್ಧ ಅಂಕದ ಸಂದು
2019ರ ಬೇಸಿಗೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ಮೈಸೂರಿನ ಶಾಲೆಯೊಂದರಲ್ಲಿ ಗುಮಾಸ್ತರು ಕಂಪ್ಯೂಟರಿನ ಮುಂದೆ ಬೆವರುತ್ತ ಕೂತಿದ್ದರು. ಡೇಟಾಬೇಸಿನಲ್ಲಿ ಎಲ್ಲ ಮಕ್ಕಳಿಗೂ ಶ್ರೇಣಿ ಬಿದ್ದಿದೆ. ಒಬ್ಬ ಹುಡುಗಿಯ ಮನೆ ಮಾತ್ರ ಖಾಲಿ. ಅವಳೇನು ದಡ್ಡಿಯಲ್ಲ, 625ಕ್ಕೆ 562! ತಾಯಿ ಆಗಲೇ ಕಿಟಕಿಯ ಬಳಿ ಬಂದು ನಿಂತಾಗಿತ್ತು. ಮೈಸೂರಿನ ಮನೆಗಳಲ್ಲಿ ಅಂಕಪಟ್ಟಿಯೆಂದರೆ ಜಾತಕಕ್ಕಿಂತ ಒಂದು ತೂಕ ಹೆಚ್ಚೇ.

ಗುಮಾಸ್ತರು ಸೂತ್ರವನ್ನು ಮೊದಲು ಕೆಳಗಿನಿಂದ ಬರೆದಿದ್ದರು: ಶೇಕಡಾ 35 ಅಥವಾ ಹೆಚ್ಚಿದ್ದರೆ 'ಸಿ'. ಯಂತ್ರ ಮೊದಲು ಒಪ್ಪಿದ ಷರತ್ತಿಗೇ ನಿಂತುಬಿಡುತ್ತದೆ. ಪಾಸಾದವರೆಲ್ಲ 'ಸಿ' ಆದರು! ಆಮೇಲೆ ಎರಡೂ ತುದಿ ಕಟ್ಟಿದರು: 80ರಿಂದ 89 'ಎ', 90ರಿಂದ 100 'ಎ ಪ್ಲಸ್'. ಕಣ್ಣಿಗೆ ತಪ್ಪೇ ಕಾಣದು. ಆದರೆ 562 ಎಂದರೆ ಶೇಕಡಾ 89.92. ಹುಡುಗಿ 89ಕ್ಕೂ 90ಕ್ಕೂ ನಡುವಿನ ಸಂದಿಯಲ್ಲಿ ಬಿದ್ದಿದ್ದಳು.

"90 ಅಂತಲೇ ಮಾಡಿಬಿಡೋಣವೇ ಸಾರ್? ಪಾಪ."

ಗಣಿತದ ಮೇಷ್ಟ್ರು ತಲೆಯಾಡಿಸಿದರು. "ಮಂಡಳಿಯ ಅಂಕಪಟ್ಟಿ ಬೇರೆ ಹೇಳುತ್ತಲ್ಲ ಸ್ವಾಮಿ. ಶೇಕಡಾ ಬಿಡಿ, ಅಂಕವನ್ನೇ ಕೇಳಿ. 563 ಮುಟ್ಟಿದರೆ 'ಎ ಪ್ಲಸ್'. ಇಲ್ಲವಾದರೆ, 500 ಮುಟ್ಟಿದರೆ 'ಎ'. ಹೀಗೆ ಮೇಲಿನಿಂದ ಇಳಿಯುತ್ತ ಬನ್ನಿ, ಸಂದೇ ಉಳಿಯೋದಿಲ್ಲ."

ಖಾಲಿ ಮನೆಯಲ್ಲಿ 'ಎ' ಮೂಡಿತು.

"ಒಂದೇ ಅಂಕಕ್ಕೆ ಹೋಯಿತಾ ಸಾರ್?" ತಾಯಿ ಕೇಳಿದರು.

625ಕ್ಕೆ ಶೇಕಡಾ 90 ಅಂದರೆ 562.5. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಲೆಕ್ಕಕ್ಕೆ ಅರ್ಧವೇ, ತಾಯಿ."