ಇಗತಪುರಿಯಲ್ಲಿ ಸೋರಿದ ಕಾರು

ಅಮ್ಮನನ್ನು ಇಗತಪುರಿಯ ಧಮ್ಮಗಿರಿಯಲ್ಲಿ ಬಿಟ್ಟು ಬಂದ ದಿನ ಅವಳು ಹೇಳಿದ ಕೊನೆಯ ಮಾತು ಧ್ಯಾನದ ಬಗ್ಗೆ ಆಗಿರಲಿಲ್ಲ. "ಬರುವಾಗ ನಾನು ರೈಲಲ್ಲೇ ಬರ್ತೀನಿ ಕಣೋ. ನಿನ್ನ ಕಾರಲ್ಲಿ ಒದ್ದೆ ಚಾಪೆ ವಾಸನೆ" ಎಂದಳು. ಡೊಂಬಿವಲಿಯಿಂದ ಅಲ್ಲಿಯವರೆಗೂ ಸೆರಗನ್ನು ಮೂಗಿಗೆ ಹಿಡಿದೇ ಕೂತಿದ್ದಳು. ಅವಳಿಗೆ ಉಬ್ಬಸ. ಬೂಷ್ಟಿನ ವಾಸನೆ ಬಂದರೆ ಸಾಕು, ಎದೆಯಲ್ಲಿ ಸುಂಯ್ ಎನ್ನುವ ಶಬ್ದ ಶುರುವಾಗುತ್ತದೆ. ಅಷ್ಟು ಹೇಳಿ, ಫೋನನ್ನು ಕೌಂಟರಿನಲ್ಲಿ ಒಪ್ಪಿಸಿ ಒಳಗೆ ಹೋದಳು. ವಿಪಶ್ಯನದ ಹತ್ತು ದಿನದ ಶಿಬಿರದಲ್ಲಿ ಮಾತಿಲ್ಲ, ಫೋನಿಲ್ಲ. ನನ್ನ ಸಮಜಾಯಿಷಿ ಬಾಯಲ್ಲೇ ಉಳಿಯಿತು.

ಕಾರು ಸೋರುತ್ತಿದ್ದುದು ನಿಜ. ಮಳೆ ಶುರುವಾದ ವಾರದಲ್ಲೇ ಎಡಗಡೆ ಮುಂದಿನ ಸೀಟಿನ ಕಾಲಡಿ ಒದ್ದೆಯಾಗತೊಡಗಿತ್ತು. ಬೆಳಿಗ್ಗೆ ಕಾರು ಹತ್ತಿದರೆ ಗಾಜುಗಳೆಲ್ಲ ಒಳಗಿನಿಂದ ಮಂಜು ಹಿಡಿದಿರುತ್ತಿದ್ದವು. ಸರ್ವಿಸ್ ಸೆಂಟರಿಗೆ ಒಯ್ದೆ. ಮೊದಲ ಸಲ ಎಸಿಯ ನೀರು ಹೊರಹೋಗುವ ಪೈಪು ಕಟ್ಟಿದೆ ಎಂದು ತೊಳೆದು 1,800 ರೂಪಾಯಿ ತೆಗೆದುಕೊಂಡರು. ನಾಲ್ಕೇ ದಿನಕ್ಕೆ ಮತ್ತೆ ನೀರು. ಎರಡನೆಯ ಸಲ ಅರ್ಧ ಗಂಟೆ ಪೈಪು ಹಿಡಿದು ಕಾರಿಗೆ ಮಳೆ ಸುರಿಸಿದರು. ಒಂದು ಹನಿಯೂ ಒಳಗೆ ಬರಲಿಲ್ಲ. ಆದರೂ ಮುಂದಿನ ಗಾಜನ್ನು ಬಿಚ್ಚಿ ಹೊಸ ಅಂಟು ಹಾಕಿ ಕೂರಿಸಬೇಕು, ಬಿಚ್ಚುವಾಗ ಗಾಜು ಒಡೆದರೆ ಹೊಸದು ಹಾಕಬೇಕು, ಸುಮಾರು 22,000 ರೂಪಾಯಿ ಆಗಬಹುದು ಎಂದು ಚೀಟಿ ಬರೆದುಕೊಟ್ಟರು. ಸೋರದ ಕಾರಿಗೆ ಯಾಕಿಷ್ಟು ಖರ್ಚು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಚೀಟಿಯನ್ನು ಜೇಬಿಗಿಟ್ಟುಕೊಂಡು ಬಂದಿದ್ದೆ.

ಶಿಬಿರ ಮುಗಿಯುವುದು ಭಾನುವಾರ ಬೆಳಿಗ್ಗೆ. ನಾನು ಶುಕ್ರವಾರ ಸಂಜೆಯೇ ಹೊರಟೆ. ಎರಡು ರಾತ್ರಿ ಉಳಿದು ಮಳೆ ನೋಡುವ ಆಸೆ. ಸಮೃದ್ಧಿ ಮಹಾಮಾರ್ಗದ ಕೊನೆಯ ತುಂಡು, ಇಗತಪುರಿಯಿಂದ ಆಮಣೆಯವರೆಗಿನ 76 ಕಿಲೋಮೀಟರು, 2025ರ ಜೂನಿನಲ್ಲಿ ತೆರೆದಿದೆ. ಅದರಲ್ಲಿ ಹೋದರೆ ಸುಮಾರು ಎಂಟು ಕಿಲೋಮೀಟರಿನ ಸುರಂಗ ನಮ್ಮನ್ನು ಬೆಟ್ಟದ ಹೊಟ್ಟೆಯೊಳಗಿಂದ ದಾಟಿಸಿಬಿಡುತ್ತದೆ. ನಾನು ಹಳೆಯ ಮುಂಬೈ–ಆಗ್ರಾ ರಸ್ತೆಯನ್ನೇ ಹಿಡಿದೆ. ಮಳೆ ನೋಡಲೆಂದು ಹೋಗುವವನಿಗೆ ಸುರಂಗ ಯಾಕೆ?

ಕಸಾರಾ ಘಾಟಿ ಏರುವಾಗ ಮೋಡ ರಸ್ತೆಯ ಮೇಲೆಯೇ ಕೂತಿತ್ತು. ಪಕ್ಕದಲ್ಲೇ ರೈಲೂ ಏರುತ್ತದೆ. 1865ರಲ್ಲಿ ತೆರೆದ ಈ ದಾರಿಯಲ್ಲಿ ಕೆಲವೆಡೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುತ್ತದೆ. ರೈಲಿನ ಲೆಕ್ಕಕ್ಕೆ ಅದು ಗೋಡೆ ಹತ್ತಿದ ಹಾಗೆ. ಕಸಾರಾದಲ್ಲಿ ಹಿಂದಿನಿಂದ ದೂಡಲು ಬೇರೆ ಎಂಜಿನುಗಳನ್ನು ಜೋಡಿಸುವುದನ್ನು ಮುಂಬೈಯಿಂದ ಉತ್ತರಕ್ಕೆ ರೈಲಿನಲ್ಲಿ ಹೋದವರೆಲ್ಲ ನೋಡಿರುತ್ತಾರೆ. ಅಷ್ಟು ಮಳೆಯಲ್ಲೂ ಘಾಟಿ ಏರಿ ಮುಗಿಯುವವರೆಗೆ ಕಾರಿನೊಳಗೆ ಒಂದು ತೊಟ್ಟೂ ಬೀಳಲಿಲ್ಲ. ಮೇಲೆ ತಲುಪಿದ ಮೇಲೆ ಲಾರಿಯೊಂದು ಅಡ್ಡ ಬಂತೆಂದು ಗಕ್ಕನೆ ಬ್ರೇಕ್ ಹಾಕಿದಾಗ ಮಾತ್ರ ಕನ್ನಡಿಯ ಮೇಲಿನ ಲೈಟಿನಿಂದ ಎರಡು ಹನಿ ನನ್ನ ಕೈಮೇಲೆ ಬಿದ್ದವು. ಒರೆಸಿಕೊಂಡು ಮುಂದೆ ಹೋದೆ. ಕಾರು ತನ್ನ ಕಾಯಿಲೆ ಏನೆಂದು ಅಲ್ಲೇ ಹೇಳಿತ್ತು, ನನಗೆ ಕೇಳಿಸಲಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು, ಆಗುಂಬೆಯ ಮಳೆ ಕಂಡವನು. ಹಾಗಾಗಿ ಬೇರೆ ಊರಿನ ಮಳೆಯನ್ನು ಸುಲಭಕ್ಕೆ ಒಪ್ಪುವುದಿಲ್ಲ. ಇಗತಪುರಿಯನ್ನು ಒಪ್ಪಿದೆ. ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಇಲ್ಲಿಂದ ಸುಮಾರು 45 ಕಿಲೋಮೀಟರು ದೂರದ ನಾಶಿಕ ನಗರಕ್ಕೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಲಾಡ್ಜಿನ ಅಂಗಳ ಇಳಿಜಾರು. ಕಾವಲಿನವನು ತೋರಿಸಿದಂತೆ ಕಾರಿನ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ರಾತ್ರಿಯಿಡೀ ತಗಡಿನ ಮೇಲೆ ಸುರಿಯುವ ಸದ್ದು ಕೇಳುತ್ತ ಸುಖವಾಗಿ ಮಲಗಿದೆ.

ಶನಿವಾರ ಬೆಳಿಗ್ಗೆ ಎಡಗಡೆ ಬಾಗಿಲು ತೆಗೆದರೆ ಕಾಲಡಿಯಲ್ಲಿ ಕೆರೆ. ರಬ್ಬರ್ ಮ್ಯಾಟ್ ತೇಲುತ್ತಿತ್ತು. ಕಾರು ಸ್ಟಾರ್ಟ್ ಆಯಿತು, ಆದರೆ ಏರ್‌ಬ್ಯಾಗಿನ ಕೆಂಪು ದೀಪ ಆರಲೇ ಇಲ್ಲ. ಅಮ್ಮ ಮರುದಿನ ಬೆಳಿಗ್ಗೆ ಬ್ಯಾಗು ಹಿಡಿದು ಗೇಟಿನ ಬಳಿ ನಿಂತಿರುತ್ತಾಳೆ. ನನ್ನ ಕೈಯಲ್ಲಿದ್ದುದು ಒಂದೇ ಹಗಲು.

ಲಾಡ್ಜಿನವರು ಘೋಟಿಗೆ ಹೋಗಿ ಎಂದರು. ಇಗತಪುರಿಯಿಂದ ನಾಶಿಕದ ಕಡೆಗೆ ಹೋಗುವಾಗ ಸಿಗುವ ಊರು, ಸಿನ್ನರ್ ಕಡೆಯ ರಸ್ತೆ ಒಡೆಯುವ ಜಾಗ. ಹೆದ್ದಾರಿ ಬದಿಯಲ್ಲಿ ಒಂದು ತಗಡಿನ ಗ್ಯಾರೇಜು, ಅದರೊಳಗೆ ಐವತ್ತು ದಾಟಿದ ಮೇಸ್ತ್ರಿ, ಜೊತೆಗೊಬ್ಬ ಹುಡುಗ. ನಾನು ನನ್ನ ಮುರುಕು ಮರಾಠಿಯಲ್ಲಿ ಗಾಜಿನ ಅಂಟಿನ ಕಥೆ ಹೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದು, "ಮೊದಲು ಚಹಾ ಕುಡೀರಿ ಸಾಹೇಬ್" ಎಂದು ಕೂರಿಸಿ ಕೆಲಸಕ್ಕೆ ಇಳಿದರು.

ಮೊದಲು ಮಾಡಿದ್ದು ನೀರನ್ನು ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ ನೋಡಿದ್ದು. ಎಂಜಿನ್ ತಂಪಾಗಿಡುವ ಕೂಲಂಟ್ ಆಗಿದ್ದರೆ ಬಣ್ಣವಿರುತ್ತದೆ, ಜಿಡ್ಡು ಜಿಡ್ಡಾಗಿ ಸಿಹಿ ವಾಸನೆ ಬರುತ್ತದೆ; ಡ್ಯಾಶ್‌ಬೋರ್ಡಿನ ಒಳಗಿನ ಹೀಟರ್ ಸೋರುತ್ತಿದೆ ಎಂದು ಅರ್ಥ. ಎಸಿಯ ನೀರಾದರೆ ತಿಳಿಯಾಗಿರುತ್ತದೆ, ಮಳೆ ಇರಲಿ ಬಿಡಲಿ, ಎಸಿ ಓಡಿದಾಗ ಬರುತ್ತದೆ. ಇದರಲ್ಲಿ ಸಣ್ಣ ಮಣ್ಣಿತ್ತು. ಮಳೆಯ ನೀರೇ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಗಾಡಿ ಹೇಗೆ ನಿಂತಿತ್ತು?"

ಮೂತಿ ಕೆಳಗೆ ಎಂದೆ. ಹೇಳುತ್ತಿದ್ದಂತೆ ನೆನಪಾಯಿತು: ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನನಗೆ ಸಿಕ್ಕಿರುವ ಜಾಗವೂ ಗೇಟಿನ ಇಳಿಜಾರಿನಲ್ಲಿ, ಗುಲ್‌ಮೊಹರ್ ಮರದ ಕೆಳಗೆ. ಅಲ್ಲೂ ಮೂತಿ ಕೆಳಗೇ. ಸರ್ವಿಸ್ ಸೆಂಟರಿನಲ್ಲಿ ಪೈಪು ಹಿಡಿದದ್ದು ಸಮತಟ್ಟಾದ ನೆಲದ ಮೇಲೆ. ಘಾಟಿ ಏರುವಾಗ ಮೂತಿ ಮೇಲಿತ್ತು, ಸೋರಲಿಲ್ಲ. ಬ್ರೇಕ್ ಹಾಕಿದಾಗ ನೀರೆಲ್ಲ ಮುಂದಕ್ಕೆ ನುಗ್ಗಿತು, ಹನಿ ಬಿತ್ತು.

ಮೇಸ್ತ್ರಿ ಸನ್‌ರೂಫ್ ತೆರೆದರು. ಮಕ್ಕಳು ತಲೆ ಹೊರಹಾಕಲಿ ಎಂದು ಹೆಚ್ಚಿಗೆ ದುಡ್ಡು ಕೊಟ್ಟು ಹಾಕಿಸಿಕೊಂಡ ಕಿಟಕಿ ಅದು. ಅದರ ಸುತ್ತಲಿನ ರಬ್ಬರು ನೀರನ್ನು ಪೂರ್ತಿ ತಡೆಯುತ್ತದೆ ಎಂದೇ ನಾನು ತಿಳಿದಿದ್ದೆ. ಹಾಗಲ್ಲವಂತೆ. ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿಯೇ ಕಾರು ಮಾಡಿರುತ್ತಾರೆ. ಆ ನೀರನ್ನು ಹಿಡಿಯಲು ಗಾಜಿನ ಸುತ್ತ ಒಂದು ತೊಟ್ಟಿ, ತೊಟ್ಟಿಯ ನಾಲ್ಕು ಮೂಲೆಗೆ ನಾಲ್ಕು ಸಣ್ಣ ಕೊಳವೆ. ಅವು ಕಂಬಗಳ ಒಳಗೇ ಇಳಿದು ಕಾರಿನ ಕೆಳಗೆ ನೀರು ಬಿಡುತ್ತವೆ. ಹುಡುಗ ಚಹಾದ ಲೋಟದಲ್ಲಿ ನೀರು ತಂದು ಮೂಲೆಮೂಲೆಗೆ ಸುರಿದ. ಹಿಂದಿನ ಎರಡು ಕೊಳವೆಗಳಲ್ಲಿ ತಕ್ಷಣ ಹೊರಬಂತು. ಮುಂದಿನ ಬಲಗಡೆ ತೊಟ್ಟಿಕ್ಕುತ್ತ ಬಂತು. ಮುಂದಿನ ಎಡಗಡೆ ನೀರು ಬಾವಿಯ ಹಾಗೆ ನಿಂತೇ ಇತ್ತು. ಮೇಸ್ತ್ರಿ ನನ್ನ ಕಡೆ ತಿರುಗಿ, "ಪಾಣೀ ಕುಠೂನ್ ಯೇತೆ ತೇ ನಕಾ ಬಘೂ, ಕುಠೂನ್ ಜಾತ್ ನಾಹೀ ತೇ ಬಘಾ" ಎಂದರು. ನೀರು ಎಲ್ಲಿಂದ ಬರುತ್ತದೆ ಎಂದು ನೋಡಬೇಡಿ, ಎಲ್ಲಿಂದ ಹೋಗುತ್ತಿಲ್ಲ ಎಂದು ನೋಡಿ.

ನನಗೆ ನಾಚಿಕೆಯಾಯಿತು. ಹಂಚಿನ ಮನೆಯಲ್ಲಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ನಡುಮನೆಯಲ್ಲಿ ಹನಿ ಬಿದ್ದರೆ ಒಡೆದ ಹಂಚು ಅದರ ನೆತ್ತಿಯ ಮೇಲೇ ಇರುವುದಿಲ್ಲ. ನೀರು ಪಕಾಸಿ ಹಿಡಿದು ಜಾರಿ, ರೀಪಿಗೆ ತಾಗಿ, ಎಲ್ಲೋ ಬಂದು ಬೀಳುತ್ತದೆ. ಎಷ್ಟೋ ಸಲ ಹಂಚು ಒಡೆದೇ ಇರುವುದಿಲ್ಲ. ಎರಡು ಮಾಡು ಕೂಡುವ ದೋಣಿಯಲ್ಲಿ ಹಲಸಿನ ಎಲೆ ಕಟ್ಟಿಕೊಂಡು ನೀರು ಒಳಗೆ ಉಕ್ಕಿರುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವುದು, ದೋಣಿ ಗುಡಿಸುವುದು. ಅಪ್ಪ ಪ್ರತಿ ಮೇ ತಿಂಗಳಲ್ಲಿ ಮಾಡು ಹತ್ತಿಸುತ್ತಿದ್ದ ಮಗ, ನಗರದಲ್ಲಿ ಆರು ವರ್ಷ ಕಾರು ಓಡಿಸಿಯೂ ಅದರ ಮಾಡಿನಲ್ಲಿ ದೋಣಿ ಇದೆ ಎಂದೇ ತಿಳಿಯದೆ ಇದ್ದ.

ಕೊಳವೆ ಬಿಡಿಸಲು ನಾನು ಗಾಳಿ ಹೊಡೆಯುವ ಪೈಪನ್ನು ತೋರಿಸಿದೆ. ಮೇಸ್ತ್ರಿ ಬೇಡವೇ ಬೇಡ ಎಂದರು. ಜೋರು ಗಾಳಿಗೆ ಕಂಬದೊಳಗೆ ಕೊಳವೆಯ ಜೋಡಣೆ ಕಳಚಿಕೊಂಡರೆ ಆಮೇಲೆ ನಿಜವಾಗಿಯೂ ಕಾರು ಬಿಚ್ಚಬೇಕಾಗುತ್ತದೆ. ಗಟ್ಟಿ ಕಬ್ಬಿಣದ ತಂತಿ ತೂರಿಸಿದರೆ ಕೊಳವೆ ತೂತಾಗುತ್ತದೆ. ಅವರು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೆಗೆದರು, ನಮ್ಮೂರ ತೋಟಗಳಲ್ಲಿ ಕಳೆ ಹೊಡೆಯಲು ಬಳಸುವುದೇ. ತುದಿಯನ್ನು ಲೈಟರಿನಿಂದ ಸುಟ್ಟು ಮೊಂಡು ಮಾಡಿ, ತಿರುಗಿಸುತ್ತ ನಿಧಾನ ಇಳಿಸಿದರು. ಹತ್ತು ನಿಮಿಷಕ್ಕೆ ಮುಂದಿನ ಚಕ್ರದ ಹಿಂದಿನಿಂದ ಕಪ್ಪು ನೀರು ಬುಳಕ್ಕನೆ ಬಂತು. ಅದರ ಜೊತೆ ಬೆರಳ ತುದಿಯಷ್ಟು ಕೆಸರುಂಡೆ. ಬಿಡಿಸಿ ನೋಡಿದರೆ ಗುಲ್‌ಮೊಹರಿನ ಎಲೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಆ ಸಣ್ಣ ಸಣ್ಣ ಎಸಳುಗಳು. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗಿನ ಜಾಲರಿಯೊಳಗೂ ಅದೇ ಎಲೆಯ ಒಂದು ಮುಷ್ಟಿ ಸಿಕ್ಕಿತು. ಅಲ್ಲಿ ಕಟ್ಟಿಕೊಂಡರೂ ನೀರು ಎಸಿಯ ಗಾಳಿ ಬರುವ ದಾರಿಯಿಂದ ಒಳಗಿಳಿಯುತ್ತದಂತೆ.

ಸೋರುವುದು ನಿಂತಿತು. ಆದರೆ ವಾಸನೆ? ಮೇಲಿನ ನೀರು ಚೆಲ್ಲಿ ಒರೆಸಿದರೆ ಕಾರ್ಪೆಟ್ಟು ಒಣಗಿದಂತೆ ಕಾಣುತ್ತದೆ. ಅದರ ಕೆಳಗಿನ ದಪ್ಪ ಸ್ಪಂಜು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಬೂಷ್ಟು ಹುಟ್ಟುವುದು ಅಲ್ಲಿ. ತಗಡಿಗೆ ತುಕ್ಕು ಹಿಡಿಯುವುದು, ವೈರಿನ ಕೊಂಡಿಗಳಿಗೆ ಹಸಿರು ಕಿಲುಬು ಬರುವುದು ಅಲ್ಲಿ. ಮೇಸ್ತ್ರಿ ಮೊದಲು ಬ್ಯಾಟರಿಯ ಕೊಂಡಿ ಕಳಚಿ ಸ್ವಲ್ಪ ಹೊತ್ತು ಬಿಟ್ಟರು. ಸೀಟಿನ ಕೆಳಗೆ ಏರ್‌ಬ್ಯಾಗಿನ ವೈರು ಇರುವುದರಿಂದ ಅದಿಲ್ಲದೆ ಕೈ ಹಾಕಬಾರದು. ಸೀಟು ಬಿಚ್ಚಿ, ಕಾರ್ಪೆಟ್ಟು ಎತ್ತಿ, ಸ್ಪಂಜು ಹಿಂಡಿದರೆ ಅರ್ಧ ಬಕೆಟ್ ನೀರು. ಕೊಂಡಿಯ ಕಿಲುಬನ್ನು ಬ್ರಶ್ಶಿನಿಂದ ಉಜ್ಜಿ ಸ್ಪ್ರೇ ಹೊಡೆದರು.

ಒಣಗಿಸುವುದಾದರೂ ಹೇಗೆ? ಜುಲೈ ತಿಂಗಳ ಘೋಟಿಯಲ್ಲಿ ಬಿಸಿಲೆಲ್ಲಿ? ಹುಡುಗ ಸ್ಪಂಜನ್ನು ಹೊತ್ತು ಪಕ್ಕದ ಧಾಬಾಕ್ಕೆ ಹೋಗಿ ತಂದೂರಿನ ಹಿಂದಿನ ಗೋಡೆಗೆ ತೂಗು ಹಾಕಿ ಬಂದ. ನಮ್ಮಲ್ಲಿ ಮಳೆಗಾಲದ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಒಣಗಿಸುವ ಹಾಗೆ. ಬ್ಯಾಟರಿ ಮತ್ತೆ ಜೋಡಿಸಿ, ಎಸಿ ಮತ್ತು ಬಿಸಿಗಾಳಿ ಎರಡನ್ನೂ ಒಟ್ಟಿಗೆ ಹಾಕಿ ಕಾರನ್ನು ಷೆಡ್ಡಿನ ಬಾಯಲ್ಲಿ ಓಡಲು ಬಿಟ್ಟರು. ಎಸಿ ಗಾಳಿಯ ತೇವ ಹೀರುತ್ತದೆ, ಬಿಸಿ ತಗಡನ್ನು ಒಣಗಿಸುತ್ತದೆ.

ನಾನು ಕೊಡೆ ಹಿಡಿದು ಊರು ಸುತ್ತಲು ಹೋದೆ. ಘೋಟಿ ಭತ್ತದ ಸೀಮೆ, ಅಕ್ಕಿ ಗಿರಣಿಗಳ ಊರು. ಗದ್ದೆಯಲ್ಲಿ ಹೆಂಗಸರು ಪ್ಲಾಸ್ಟಿಕ್ ಹೊದ್ದು ಸಸಿ ನೆಡುತ್ತಿದ್ದರು. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ ಶಿಖರ, 1646 ಮೀಟರು, ಆ ದಿಕ್ಕಿನಲ್ಲೇ ಎಂದು ಒಬ್ಬರು ಕೈ ತೋರಿಸಿದರು, ಕಂಡದ್ದು ಮೋಡ. ಈ ತಾಲ್ಲೂಕು ನೀರನ್ನು ಹಂಚುವ ಜಾಗ. ಪಡುವಣದ ಅಂಚಿನಲ್ಲಿ ಬಿದ್ದ ಮಳೆ ಭಾತ್ಸಾ, ವೈತರಣಾ ಕಣಿವೆಗಳಿಗೆ ಇಳಿದು ಮುಂಬೈಯ ನಲ್ಲಿಗಳಿಗೆ ಬರುತ್ತದೆ. ಇತ್ತ ಬಿದ್ದದ್ದು ದಾರಣಾ ನದಿಗೆ ಸೇರಿ, 1916ರಲ್ಲಿ ಕಟ್ಟಿದ ಅಣೆಕಟ್ಟು ದಾಟಿ ಗೋದಾವರಿ ಕೂಡಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಜಾಯಕವಾಡಿ ಜಲಾಶಯಕ್ಕೆ ಹೋಗುತ್ತದೆ. ಮಳೆ ಕಮ್ಮಿಯಾದ ವರ್ಷ ಮೇಲಿನವರು ಬಿಡಲೊಲ್ಲರು, ಕೆಳಗಿನವರು ಬಿಡಿ ಎನ್ನುತ್ತಾರೆ. ಜಗಳ ಕೋರ್ಟಿನವರೆಗೆ ಹೋಗಿದೆ. ಕಾವೇರಿ ಕಂಡ ನಮಗೆ ಇದು ಹೊಸತಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೇಳುವುದೂ ಈ ಗೋದಾವರಿಯನ್ನೇ. ಘೋಟಿ ಅದರ ದಕ್ಷಿಣಕ್ಕಿದೆ. ಆ ಲೆಕ್ಕದಲ್ಲಿ ನನ್ನ ಕಾರು ಕೆಟ್ಟದ್ದು ಪರನಾಡಿನಲ್ಲಿ ಅಲ್ಲ ಎಂದುಕೊಂಡು ನಕ್ಕೆ.

ಸಂಜೆ ಆರಕ್ಕೆ ಎಲ್ಲ ಜೋಡಿಸಿ ಮುಗಿಯಿತು. ಏರ್‌ಬ್ಯಾಗಿನ ದೀಪ ಆರಿತ್ತು. ಸ್ಪಂಜಿನಲ್ಲಿ ಸ್ವಲ್ಪ ರೊಟ್ಟಿಯ ವಾಸನೆ ಸೇರಿತ್ತು, ಅಷ್ಟೆ. ಮೇಸ್ತ್ರಿ ಕೇಳಿದ್ದು 1,400 ರೂಪಾಯಿ. ನೈಲಾನ್ ದಾರದ ಒಂದು ಮಾರು ತುಂಡನ್ನು ಸುತ್ತಿ ಕೈಗಿಟ್ಟು, "ಮುಂದಿನ ವರ್ಷ ಮಳೆಗೆ ಮುಂಚೆ ನೀವೇ ಮಾಡಿಕೊಳ್ಳಿ. ಆಮೇಲೆ ಪ್ರತಿ ತಿಂಗಳು ಒಂದೊಂದು ಲೋಟ ನೀರು ಹಾಕಿ ನೋಡಿ" ಎಂದರು. ಸಿಲಿಕೋನ್ ಬಳಿಯಲೇ ಎಂದು ಕೇಳಿದೆ. ಹೋಗುವ ದಾರಿಯನ್ನೂ ಮುಚ್ಚಿಬಿಡುತ್ತೀರಿ ಎಂದು ನಕ್ಕರು.

ಭಾನುವಾರ ಬೆಳಿಗ್ಗೆ ಧಮ್ಮಗಿರಿಯ ಗೇಟಿನಲ್ಲಿ ಅಮ್ಮ ನಿಂತಿದ್ದಳು. ಹಿಂದಿನ ದಿನವೇ ಮೌನ ಬಿಟ್ಟಿದ್ದರೂ ಮಾತು ಕಮ್ಮಿ. ರೈಲಿನ ವೇಳೆ ಕೇಳಲಿಲ್ಲ, ಕಾರಿನ ಬಾಗಿಲು ತೆರೆದು ತಲೆ ಒಳಗೆ ಹಾಕಿ ಮೂಸಿ ನೋಡಿದಳು. ಏನೂ ಹೇಳದೆ ಮುಂದಿನ ಎಡಗಡೆ ಸೀಟಿನಲ್ಲೇ ಕೂತಳು. ಸುರಂಗದ ದಾರಿ ಬಿಟ್ಟು ಬೇಕೆಂದೇ ಘಾಟಿಗೆ ತಿರುಗಿಸಿದೆ. ಸುರಂಗದೊಳಗೆ ಮಳೆಯಿಲ್ಲ, ಘಾಟಿ ಇಳಿಯುವಾಗ ಮಳೆಯೂ ಉಂಟು, ಮೂತಿಯೂ ಕೆಳಗೆ. ಪ್ರತಿ ತಿರುವಿನಲ್ಲಿ ಬ್ರೇಕ್ ಹಾಕುವಾಗ ನನ್ನ ಕಣ್ಣು ಕನ್ನಡಿಯ ಮೇಲಿನ ಲೈಟಿನ ಮೇಲೆ. ಕಸಾರಾ ತಲುಪಿದ ಮೇಲೆ ಬದಿಗೆ ನಿಲ್ಲಿಸಿ, ಅವಳ ಕಾಲಿನ ಬಳಿ ಕಾರ್ಪೆಟ್ಟಿನ ಅಂಚೆತ್ತಿ ಕೈ ಹಾಕಿದೆ. ಒಣಗಿತ್ತು.

"ಏನದು ಹುಡುಕ್ತಿದೀಯ?" ಅಂದಳು. ಎಲ್ಲ ಹೇಳಿದೆ: ಎಲೆ, ಕೊಳವೆ, ಲೋಟದ ನೀರು, ಇಪ್ಪತ್ತೆರಡು ಸಾವಿರದ ಚೀಟಿ. ಕೇಳಿ ಮುಗಿಸಿ ಸೀಟಿಗೆ ಒರಗಿದಳು. ಸೆರಗು ಭುಜದ ಮೇಲೆಯೇ ಇತ್ತು.

"ದೋಣಿ ಗುಡಿಸಿರ್ಲಿಲ್ಲ ಅನ್ನು" ಎಂದಳು.