ತಿಕೀಟಿನ ದೆವ್ವ

ನಮ್ಮ ಜಾತ್ರೆಗಳಲ್ಲಿ ತೊಟ್ಟಿಲು, ಮಿಠಾಯಿ, ಬಳೆಗಳ ಅಂಗಡಿಗಳ ಸಾಲಿನಲ್ಲಿ 'ಭೂತಬಂಗಲೆ'ಯೆಂಬ ತಗಡಿನ ಮನೆಯೊಂದು ಬಂದು ನಿಲ್ಲುವುದನ್ನು ವಾಚಕರು ನೋಡಿರಬಹುದು. ಹಣ ತೆತ್ತು ಹೆದರಿಸಿಕೊಳ್ಳುವ ಈ ವ್ಯವಹಾರವನ್ನು ಕಂಡಿದ್ದರೆ ನಮ್ಮ ಹಿರಿಯರು ನಗುತ್ತಿದ್ದರು. ಅವರಿಗೆ ಹೆದರಿಕೆಯು ಪುಕ್ಕಟೆಯಾಗಿಯೇ ದೊರೆಯುತ್ತಿತ್ತು. 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ರಾತ್ರಿ ಕದ ತಟ್ಟುವ ದೆವ್ವದ ಸುದ್ದಿಯು ಹಬ್ಬಿ, ಜನರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಅಕ್ಷರ ಬಲ್ಲ ಆ ದೆವ್ವವು ಅದನ್ನೋದಿ ದಿನವೂ ಹಿಂದಿರುಗುತ್ತಿತ್ತಂತೆ!

ರಾಣೆಬೆನ್ನೂರಿನ ನಮ್ಮ ಮನೆಯಲ್ಲಿಯೂ ಉಣ್ಣದ ಮಗುವಿಗೆ ಗುಮ್ಮನನ್ನು, ಮಲಗದ ಮಗುವಿಗೆ ಹುಣಿಸೆಮರದ ದೆವ್ವವನ್ನು ಹೇಳುವ ಪದ್ಧತಿಯು ನಡೆದುಬಂದಿದೆ. ಇದರ ಫಲವಾಗಿ ನಮ್ಮ ತಮ್ಮನ ಮಗನು ಎಂಟು ವರ್ಷದವನಾದರೂ ಕತ್ತಲಾದ ಮೇಲೆ ಹಿತ್ತಲಿಗೆ ಒಬ್ಬನೇ ಹೋಗಲೊಲ್ಲನು. ನಡುರಾತ್ರಿ ಬೆಚ್ಚಿ ಎದ್ದು ಕೂಡುವನು. ವೈದ್ಯರಿಗೆ ತೋರಿಸಬೇಕೆಂದು ತಾಯಿಯೂ, ತಾಯಿತ ಕಟ್ಟಿಸಬೇಕೆಂದು ಅಜ್ಜಿಯೂ ವಾದಿಸುತ್ತಿರಲು, ಹುಡುಗನೇ ಹಾವೇರಿಯ ಜಾತ್ರೆಯ ಭೂತಬಂಗಲೆಯನ್ನು ನೋಡಬೇಕೆಂದು ಹಟ ಹಿಡಿದನು. ಹೆದರುವವನಿಗೇ ಹೆದರಿಕೆಯ ಮೇಲೆ ಇಷ್ಟು ಮೋಹವೇಕೋ!

ದಾರಿಯಲ್ಲಿ ಬ್ಯಾಡಗಿಯ ನಿಲ್ದಾಣ ಬಂದಾಗ ಮೆಣಸಿನಕಾಯಿಯ ಘಾಟಿಗೆ ಡಬ್ಬಿಯಲ್ಲಿದ್ದವರು ಸೀನತೊಡಗಿದರು. ದೆವ್ವ ಬಿಡಿಸಲೆಂದು ಮನುಷ್ಯರಿಗೆ ಮೆಣಸಿನಕಾಯಿಯ ಹೊಗೆ ಹಾಕುತ್ತಿದ್ದ ಕ್ರೂರ ಪದ್ಧತಿಯು ನಮಗೆ ನೆನಪಾಯಿತು. ಆದರೆ ಬ್ಯಾಡಗಿಯ ಕಾಯಿಗೆ ಖಾರಕ್ಕಿಂತ ಬಣ್ಣವೇ ಹೆಚ್ಚು. ನಾವು ಕಂಡ ಬಂಗಲೆಯೂ ಅಂತಹದೇ: ಹಸಿರು ದೀಪ, ತಂತಿಗೆ ತೂಗುವ ಅಸ್ಥಿಪಂಜರ, ಪೆಟ್ಟಿಗೆಯೊಳಗಿನ ಕಿರುಚಾಟ.

ಪಾಶ್ಚಾತ್ಯರಲ್ಲಿ ಈ ವಿದ್ಯೆಯು ಬಹು ನಯವಾಗಿ ಬೆಳೆದಿದೆ. 1862ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವರು ರಂಗದ ಮುಂದೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ, ಮರೆಯಲ್ಲಿ ನಿಂತ ನಟನ ಮೇಲೆ ಬೆಳಕು ಬೀರಿ, ಅವನ ಪ್ರತಿಬಿಂಬವನ್ನೇ ದೆವ್ವವೆಂದು ತೋರಿಸಿದರು. 1969ರಲ್ಲಿ ಅಮೆರಿಕೆಯ ಡಿಸ್ನಿಲ್ಯಾಂಡಿನಲ್ಲಿ ತೆರೆದ ಭೂತದ ಮಹಲಿನಲ್ಲಿ ಕುಣಿಯುವ ದೆವ್ವಗಳೂ ಗಾಜಿನಿಂದ ಹುಟ್ಟಿದವುಗಳೇ.

ಹಾವೇರಿಯಲ್ಲಿ ಗಾಜಿರಲಿಲ್ಲ, ಮನುಷ್ಯನೇ ಇದ್ದನು. ಮೂಲೆಯಿಂದ ಮುಖವಾಡದ ಆಕೃತಿಯೊಂದು ಹಾರಿಬರಲು ಹುಡುಗನು ಚೀರಿ ನಮ್ಮ ಧೋತರವನ್ನು ಹಿಡಿದನು. ದೆವ್ವವು ಗಾಬರಿಗೊಂಡು ಮುಖವಾಡವನ್ನು ಮೇಲೆತ್ತಿತು. ಹದಿನೆಂಟರ ತರುಣ, ಮುಖವೆಲ್ಲ ಬೆವರು.

"ಅಳಬ್ಯಾಡೋ ತಮ್ಮಾ, ನಾನೂ ಮನಷ್ಯಾನ ಅದೀನಿ" ಎಂದನು.

ಹುಡುಗನು ಬಿಕ್ಕುತ್ತಲೇ ಕೇಳಿದನು: "ನಿನಗ ಇದರಾಗ ಅಂಜಿಕಿ ಬರೂದಿಲ್ಲೇನ, ಅಣ್ಣಾ?"

"ಮಂದಿ ಇದ್ದಾಗ ಇಲ್ಲ. ಎಲ್ಲಾರೂ ಹ್ವಾದಮ್ಯಾಲೆ ಇಲ್ಲೇ ಒಬ್ಬಾವನ ಮಲಗಬೇಕು. ಆವಾಗ ಬರತೈತಿ."

ಹೊರಗೆ ಬಂದು ನಾವು ಮಿರ್ಚಿಭಜಿ ಕೊಡಿಸಿದಾಗ ಹುಡುಗನು ಎರಡನ್ನು ಕಾಗದದಲ್ಲಿ ಸುತ್ತಿ, ತಿಕೀಟಿನವನ ಕೈಯಲ್ಲಿಟ್ಟು, ಒಳಗಿನ ಅಣ್ಣನಿಗೆ ಮುಟ್ಟಿಸೆಂದು ಹೇಳಿ ಬಂದನು. ಆ ರಾತ್ರಿ ಅವನು ಬೆಚ್ಚಲಿಲ್ಲವೆಂದು ಹೇಳಲಾರೆವು. ಎದ್ದು ಕುಳಿತದ್ದು ನಿಜ. ಆದರೆ ಅಜ್ಜಿಯನ್ನು ಎಬ್ಬಿಸಿ, ಆ ಅಣ್ಣನಿಗೆ ಈಗ ದೀಪವಾದರೂ ಇಟ್ಟಿರುವರೋ ಇಲ್ಲವೋ ಎಂದು ಕೇಳಿದನು.