ಹತ್ತು ಗಂಟೆಯ ಲೆಕ್ಕ

ಡಬ್ಬದ ಮೇಲೆ ‘10 ಗಂಟೆಯವರೆಗೆ’ ಎಂದಿತ್ತು. ನಮ್ಮ ಮನೆಯಲ್ಲಿ ಬ್ಯಾಟರಿ ಬಂದದ್ದು ಮೂರೂವರೆ ಗಂಟೆ. ಅಮ್ಮಿ ಚೀಟಿ ಎತ್ತಿ ಕೊಡಿಸಿದ ಹೊಸ ಲ್ಯಾಪ್‌ಟಾಪ್ ಅದು. ಅಂಗಡಿಯವರು ಬದಲಿಸಿಕೊಡಲು ಹೇಳಿದ್ದ ಗಡುವು ಏಳು ದಿನ. ಅಬ್ಬಾ ದಿನವೂ “ವಾಪಸ್ ದೇ ದೇಂಗೆ ಕ್ಯಾ?” ಎಂದು ಕೇಳುತ್ತಿದ್ದರು.

ಕಾಮರ್ಸ್ ಓದುವವರಿಗೆ ಇದು ಗೊತ್ತಿರುವ ಪ್ರಶ್ನೆಯೇ. ಬಂಡವಾಳ ಕಡಿಮೆಯೋ, ಖರ್ಚು ಹೆಚ್ಚೋ? ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಬ್ಯಾಟರಿ ರಿಪೋರ್ಟ್ ಸಿಗುತ್ತದೆ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಕೇಳಿದರೆ ತೋರಿಸುತ್ತಾರೆ. ನನ್ನದರಲ್ಲಿ ಮೂಲ ಸಾಮರ್ಥ್ಯ 42 ವ್ಯಾಟ್‌ಅವರ್, ಈಗ ಪೂರ್ತಿ ತುಂಬಿದಾಗ 41. ಅಂದರೆ ಬ್ಯಾಟರಿ ಸರಿಯಾಗಿಯೇ ಇದೆ. 35 ಅಂತ ಬಂದಿದ್ದರೆ ಆ ರಿಪೋರ್ಟ್ ಹಿಡಿದುಕೊಂಡೇ ಅಂಗಡಿಗೆ ಹೋಗುತ್ತಿದ್ದೆ.

41ನ್ನು ಮೂರೂವರೆಯಿಂದ ಭಾಗಿಸಿದರೆ ಸುಮಾರು 12 ವ್ಯಾಟ್ ಖರ್ಚು. ಹತ್ತು ಗಂಟೆ ಬರಬೇಕಾದರೆ ನಾಲ್ಕೇ ವ್ಯಾಟಿನಲ್ಲಿ ನಡೆಯಬೇಕು. ಡಬ್ಬ ಬರೆದವರು ಪರದೆ ಮಂಕು ಮಾಡಿಕೊಂಡು ಅಳೆದಿರಬೇಕು!

ಖರ್ಚಿನ ಪಟ್ಟಿ ನೋಡಿದೆ. ಪರದೆಯ ಬೆಳಕು ಪೂರ್ತಿ ಇತ್ತು, ಅರ್ಧಕ್ಕೆ ಇಳಿಸಿದೆ. 120 ಹರ್ಟ್ಸ್ ಇದ್ದದ್ದನ್ನು 60 ಮಾಡಿದೆ. ಟ್ಯಾಲಿಗೆ 120 ಯಾಕೆ? ಮನೆಯವರ ಫೋಟೊಗಳೆಲ್ಲ ಹಿಂದಿನಿಂದ ಕ್ಲೌಡ್‌ಗೆ ಏರುತ್ತಿದ್ದವು, ಅದನ್ನು ನಿಲ್ಲಿಸಿದೆ. ಹೊಸ ಯಂತ್ರದಲ್ಲಿ ಮೊದಲ ಕೆಲವು ದಿನ ಅಪ್‌ಡೇಟ್‌ಗಳೂ ಚಾರ್ಜ್ ತಿನ್ನುತ್ತವೆ, ಅವು ಮುಗಿಯುವವರೆಗೆ ಕಾಯಲೇಬೇಕು.

ಆರನೇ ದಿನ ಆರು ಗಂಟೆ ಬಂತು. ಹತ್ತಂತೂ ಅಲ್ಲ. ಆದರೂ ಸಂಜೆ ಕರೆಂಟ್ ಹೋದಾಗ ನನ್ನ ಲೆಕ್ಕ ಮುಗಿದ ಮೇಲೆ ಬಾಜಿಯ ಬಿ.ಎಡ್. ಅಸೈನ್‌ಮೆಂಟಿಗೂ ಚಾರ್ಜ್ ಉಳಿಯುತ್ತದೆ. ವಾಪಸ್ ಬೇಡ ಎಂದು ಅಬ್ಬಾಗೆ ಹೇಳಿದೆ.